ಆಕರಸೂಚಿ: ಅಲ್ಪವಿರಾಮ ಸರಿಯಿದೆ, ಆಕರ ಎಲ್ಲಿದೆ?

ಕೆಳಗಿನ ಸಾಲನ್ನು ಒಮ್ಮೆ ನಿಧಾನವಾಗಿ ಓದಿ.

ವಾನ್ ಡರ್ ಗೀರ್ ಜೆ., ಹನ್ರಾಡ್ಸ್ ಜೆ.ಎ.ಜೆ., ಲಪ್ಟನ್ ಆರ್.ಎ., 2010. ದಿ ಆರ್ಟ್ ಆಫ್ ರೈಟಿಂಗ್ ಎ ಸೈಂಟಿಫಿಕ್ ಆರ್ಟಿಕಲ್. ಜೆ. ಸೈ. ಕಮ್ಯೂನ್., 163, 51-59.

ನೀವು ಅಧ್ಯಾಪಕರಾಗಿದ್ದರೆ ಈ ಸಾಲಿಗೆ ಪೂರ್ಣ ಅಂಕ ಕೊಡುತ್ತೀರಿ. ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆಯ ಸಂಕ್ಷಿಪ್ತ ನಾಮ, ಸಂಪುಟ, ಪುಟ ಎಲ್ಲವೂ ಇರಬೇಕಾದ ಕ್ರಮದಲ್ಲಿವೆ. ಕೊರತೆ ಒಂದೇ. ಇಂಥದೊಂದು ಲೇಖನ ಎಲ್ಲೂ ಪ್ರಕಟವಾಗಿಲ್ಲ. ಎಲ್ಸ್‌ವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ, ತನ್ನ ಪತ್ರಿಕೆಗಳಿಗೆ ಬರೆಯುವವರು ಆಕರಗಳನ್ನು ಹೇಗೆ ಜೋಡಿಸಬೇಕೆಂದು ತೋರಿಸಲು ಕಲ್ಪಿಸಿಕೊಂಡ ಮಾದರಿ ಸಾಲು ಇದು. ವ್ಯಾಕರಣ ಹೇಳಿಕೊಡುವಾಗ 'ರಾಮನು ಶಾಲೆಗೆ ಹೋದನು' ಎಂದು ಉದಾಹರಣೆ ಕೊಡುವುದಿಲ್ಲವೆ, ಹಾಗೆ. ಆ ರಾಮ ಯಾವ ಊರಿನವನು ಎಂದು ಯಾರೂ ಕೇಳುವುದಿಲ್ಲ. ಆದರೆ ಇಲ್ಲಿ ನಡೆದದ್ದೇ ಬೇರೆ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾನಿಲಯದ ನಿವೃತ್ತ ಪ್ರಾಧ್ಯಾಪಕ ಪೀಟರ್ ಕ್ರೂನೆನ್‌ಬರ್ಗ್ ಈ ಸಾಲಿನ ಬೆನ್ನು ಹತ್ತಿದರು. ಅವರು ಕಂಡದ್ದನ್ನು 2017ರಲ್ಲಿ ಆನ್-ವಿಲ್ ಹಾರ್ಜಿಂಗ್ ಎಂಬ ಪ್ರಾಧ್ಯಾಪಕಿ ಬರೆದು ಪ್ರಕಟಿಸಿದರು. ಇಲ್ಲದ ಈ ಲೇಖನವನ್ನು ಸುಮಾರು 400 ಸಂಶೋಧನ ಪ್ರಬಂಧಗಳು ಉಲ್ಲೇಖಿಸಿದ್ದವು! ಬಹುಪಾಲು ಸಮ್ಮೇಳನಗಳ ನಡಾವಳಿಗಳಲ್ಲಿ ಅಚ್ಚಾದವು. ಮಾದರಿ ಕಡತವನ್ನು ಇಳಿಸಿಕೊಂಡು ಅದರ ಮೇಲೇ ತಮ್ಮ ಪ್ರಬಂಧವನ್ನು ಟೈಪ್ ಮಾಡಿದವರು ಆ ಸಾಲನ್ನು ಅಳಿಸಲು ಮರೆತಿರಬೇಕು. ಅದನ್ನು ಅಲ್ಲಿ ಇಡಲೇಬೇಕು ಎಂದುಕೊಂಡವರೂ ಇದ್ದಿರಬಹುದು.

ನಗು ಬರುತ್ತದೆ, ನಿಜ. ಆದರೆ ಒಂದೊಂದು ಪ್ರಬಂಧವೂ ಲೇಖಕ, ಸಹಲೇಖಕ, ಪರಿಶೀಲಕ, ಸಂಪಾದಕ ಹೀಗೆ ನಾಲ್ಕಾರು ಕೈ ದಾಟಿ ಬಂದಿರಬೇಕು. ಯಾರೊಬ್ಬರಿಗೂ 'ಇದು ಯಾವ ಲೇಖನ?' ಎಂಬ ಪ್ರಶ್ನೆ ಹೊಳೆಯಲಿಲ್ಲ. ಏಕೆಂದರೆ ಸಾಲು ನೋಡಲು ಸರಿಯಾಗಿತ್ತು.

ನಮ್ಮ ಕಾಲೇಜುಗಳಲ್ಲಿ ನಾವು ಕಲಿಸುತ್ತಿರುವುದೂ ಇದನ್ನೇ ಅಲ್ಲವೆ? ಆಕರಸೂಚಿ ಎಂದರೆ ಅಲ್ಪವಿರಾಮ, ಪೂರ್ಣವಿರಾಮ, ಓರೆ ಅಕ್ಷರ. ಎಪಿಎ ಪದ್ಧತಿಯೋ ವ್ಯಾಂಕೂವರ್ ಪದ್ಧತಿಯೋ ಎಂದು ಗಂಟೆಗಟ್ಟಲೆ ಚರ್ಚೆ. ಈ ಪದ್ಧತಿಗಳು ಹುಟ್ಟಿದ್ದು ಮಾತ್ರ ಸರಳ ಅಗತ್ಯಗಳಿಂದ. 1881ರಲ್ಲಿ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಒಂದು ಜಾತಿಯ ಚಿಪ್ಪಿಲ್ಲದ ಬಸವನಹುಳುವನ್ನು ಕುರಿತು ಪ್ರಬಂಧ ಬರೆದ. ಅದರಲ್ಲಿ ಲೇಖಕನ ಹೆಸರು, ವರ್ಷ ಎರಡನ್ನೂ ಆವರಣದೊಳಗೆ ಕೊಟ್ಟ. ನಾವಿಂದು 'ಹಾರ್ವರ್ಡ್ ಪದ್ಧತಿ' ಎನ್ನುವುದಕ್ಕೆ ಇದೇ ಮೂಲ ಎನ್ನುತ್ತಾರೆ. 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿದರು. ಒಂದೇ ಪ್ರಬಂಧವನ್ನು ಪತ್ರಿಕೆಯಿಂದ ಪತ್ರಿಕೆಗೆ ಕಳಿಸುವಾಗ ಪ್ರತಿ ಸಲವೂ ಹೊಸದಾಗಿ ಟೈಪ್ ಮಾಡಿಸುವ ತಾಪತ್ರಯ ತಪ್ಪಲಿ ಎಂದು ಸಾಮಾನ್ಯ ನಿಯಮಗಳನ್ನು ಒಪ್ಪಿಕೊಂಡರು. ಅಷ್ಟೆ. ಆಕರಸೂಚಿ ಒಂದು ವಿಳಾಸ. ವಿಳಾಸ ಬರೆಯುವ ಕ್ರಮ ಒಂದೇ ಆಗಿದ್ದರೆ ಅಂಚೆಯಣ್ಣನಿಗೆ ಅನುಕೂಲ. ಆದರೆ ಮನೆ ಇದೆಯೆ, ಮನೆಯಲ್ಲಿ ಜನ ಇದ್ದಾರೆಯೆ ಎಂಬುದು ವಿಳಾಸದ ಅಂದದಿಂದ ತಿಳಿಯುವುದಿಲ್ಲ.

ಈ ವಿಳಾಸಗಳನ್ನು ಎಷ್ಟು ಮಂದಿ ಹುಡುಕಿಕೊಂಡು ಹೋಗುತ್ತಾರೆ? ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯ ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ 2003ರಲ್ಲಿ ಇದಕ್ಕೊಂದು ಚತುರ ಉಪಾಯ ಹೂಡಿದರು. ಅವರು ಆರಿಸಿಕೊಂಡ ಉದಾಹರಣೆ ಭೌತವಿಜ್ಞಾನದ ಪ್ರಸಿದ್ಧ ಪ್ರಬಂಧ. ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್ 1973ರಲ್ಲಿ ಬರೆದದ್ದು. ಆ ಕೆಲಸಕ್ಕಾಗಿಯೇ 2016ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ಅದನ್ನು ಉಲ್ಲೇಖಿಸಿದ್ದ ಪ್ರಬಂಧಗಳು ಸುಮಾರು 4,300. ಅವುಗಳಲ್ಲಿ 196 ಕಡೆ ಸಂಪುಟವೋ ಪುಟವೋ ವರ್ಷವೋ ತಪ್ಪಾಗಿ ಅಚ್ಚಾಗಿತ್ತು. ತಪ್ಪು ಸಹಜ. ಆದರೆ ಆ 196ರಲ್ಲಿ ಬೇರೆ ಬೇರೆ ಬಗೆಯ ತಪ್ಪುಗಳು 45 ಮಾತ್ರ! ಒಂದೇ ತಪ್ಪು ಪುಟಸಂಖ್ಯೆ 78 ಸಲ ಮರುಕಳಿಸಿತ್ತು.

ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಸರಿಯುತ್ತರ ಎಲ್ಲರದೂ ಒಂದೇ ಆಗಿದ್ದರೆ ಏನೂ ಹೇಳುವಂತಿಲ್ಲ. ತಪ್ಪೂ ಒಂದೇ ಆಗಿದ್ದರೆ, ಅದೂ ಅಕ್ಕಪಕ್ಕದ ಬೆಂಚುಗಳಲ್ಲಿ, ಏನು ನಡೆದಿದೆ ಎಂಬುದು ಗೊತ್ತಾಗುತ್ತದೆ. ಮೂಲ ಪ್ರಬಂಧವನ್ನು ಮುಂದಿಟ್ಟುಕೊಂಡು ಬರೆದವರು ತಮ್ಮದೇ ಹೊಸ ತಪ್ಪು ಮಾಡುತ್ತಾರೆ. ಬೇರೆಯವರ ಪಟ್ಟಿಯಿಂದ ನಕಲು ಮಾಡಿದವರು ಹಳೆಯ ತಪ್ಪನ್ನೇ ಮಾಡುತ್ತಾರೆ. 45ನ್ನು 196ರಿಂದ ಭಾಗಿಸಿದರೆ ಶೇಕಡ 23. ಇದರಿಂದ ಹೊರಟು, ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಸುಮಾರು ಶೇಕಡ 20 ಮಾತ್ರ ಎಂದು ಅವರಿಬ್ಬರೂ ತೀರ್ಮಾನಿಸಿದರು.

ಈ ಕೊನೆಯ ಹೆಜ್ಜೆಯನ್ನು ನಾನು ಪೂರ್ತಿ ಒಪ್ಪಲಾರೆ. ಪ್ರಬಂಧವನ್ನು ಎಂದೋ ಓದಿ ಮನನ ಮಾಡಿಕೊಂಡವನೂ ಬರೆಯುವ ಹೊತ್ತಿಗೆ ಸೋಮಾರಿತನದಿಂದ ವಿಳಾಸವನ್ನು ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಳ್ಳಬಹುದು. ಹಾಗಾಗಿ 'ಓದಿಲ್ಲ' ಎಂಬುದಕ್ಕೆ ಇದು ಸಾಕ್ಷಿಯಾಗದು. 'ಬರೆಯುವಾಗ ತೆರೆದು ನೋಡಲಿಲ್ಲ' ಎಂಬುದಕ್ಕೆ ಮಾತ್ರ ಖಂಡಿತ ಸಾಕ್ಷಿ. ವಿಜ್ಞಾನಕ್ಕೆ ಅಷ್ಟು ಸಾಲದೆ?

ಬೇರೆಯವರ ಮಾತೇಕೆ, ನನ್ನದನ್ನೇ ಹೇಳುತ್ತೇನೆ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಹೇರಳವಾಗಿದೆ ಎಂಬ ನಂಬಿಕೆಗೆ ಕಾರಣ ಹಿಂದಿನ ಜರ್ಮನ್ ಪ್ರಯೋಗಾಲಯವೊಂದರಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಸರಿದದ್ದು ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಸೊಗಸಾದ ಕಥೆ, ಅಳತೆಯಲ್ಲಿ ಎಚ್ಚರ ಬೇಕೆಂದು ಮಕ್ಕಳಿಗೆ ನಾಟುತ್ತದೆ. ಇದನ್ನು ಹರಡಿದ್ದು 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಹ್ಯಾಂಬ್ಲಿನ್ ಎಂಬ ವೈದ್ಯರ ಲೇಖನ. ಆ ಮಾತಿಗೆ ಅವರು ಆಕರವನ್ನೇ ಕೊಟ್ಟಿರಲಿಲ್ಲ. ಮೈಕ್ ಸಟನ್ ಎಂಬವರು 2010ರಲ್ಲಿ ಬೆನ್ನು ಹತ್ತಿ ಹೋದಾಗ ದಶಮಾಂಶ ಬಿಂದುವಿನ ಕಥೆಗೆ ಆಧಾರವೇ ಸಿಗಲಿಲ್ಲ. ಎಚ್ಚರ ತಪ್ಪಿದವರನ್ನು ಕುರಿತ ಕಥೆಯನ್ನು ನಾನು ಎಚ್ಚರ ತಪ್ಪಿಯೇ ಹೇಳುತ್ತಿದ್ದೆ!

ಸೊಪ್ಪಿನ ಕಥೆಯಿಂದ ಯಾರಿಗೂ ಕೇಡಾಗಲಿಲ್ಲ ಎನ್ನೋಣ. ಎಲ್ಲ ಉಲ್ಲೇಖಗಳೂ ಇಷ್ಟು ನಿರುಪದ್ರವಿಗಳಲ್ಲ. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಅಮೆರಿಕದ ಪತ್ರಿಕೆಯಲ್ಲಿ ಸಂಪಾದಕರಿಗೆ ಬರೆದ ಒಂದು ಪತ್ರ ಪ್ರಕಟವಾಯಿತು. ಬರೆದವರು ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಇಡೀ ಪತ್ರ ಐದು ವಾಕ್ಯ. ಆಸ್ಪತ್ರೆಯಲ್ಲಿದ್ದಾಗ ಅಫೀಮು ಗುಂಪಿನ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆ ನೋಡಿದಾಗ, ಮೊದಲು ವ್ಯಸನದ ಇತಿಹಾಸವಿಲ್ಲದವರಲ್ಲಿ ವ್ಯಸನಕ್ಕೆ ಬಿದ್ದವರು ನಾಲ್ವರು ಮಾತ್ರ ಕಂಡುಬಂದರು ಎಂಬುದು ಅದರ ಸಾರಾಂಶ. ಗಮನಿಸಿ: ಇವರು ಆಸ್ಪತ್ರೆಯಲ್ಲಿದ್ದವರು, ವೈದ್ಯರ ಕಣ್ಣೆದುರಿಗೆ ಔಷಧಿ ಪಡೆದವರು. ಮನೆಗೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ನುಂಗಿದವರ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇಲ್ಲ.

2017ರಲ್ಲಿ ಕೆನಡಾದ ಸಂಶೋಧಕರು ಈ ಪತ್ರವನ್ನು ಉಲ್ಲೇಖಿಸಿದವರನ್ನೆಲ್ಲ ಹುಡುಕಿ ಓದಿದರು. ಒಟ್ಟು 608 ಉಲ್ಲೇಖಗಳು. 439 ಲೇಖನಗಳು ಅದನ್ನು 'ಈ ಔಷಧಿಗಳಿಂದ ವ್ಯಸನ ಅಪರೂಪ' ಎಂಬುದಕ್ಕೆ ಪುರಾವೆಯಾಗಿ ಬಳಸಿದ್ದವು. 491 ಲೇಖನಗಳು ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬುದನ್ನೇ ಹೇಳಿರಲಿಲ್ಲ. 1990ರ ದಶಕದ ನಡುವೆ ಆಕ್ಸಿಕಾಂಟಿನ್ ಮಾತ್ರೆ ಮಾರುಕಟ್ಟೆಗೆ ಬಂದ ಬಳಿಕ ಈ ಉಲ್ಲೇಖಗಳು ಇನ್ನಷ್ಟು ಏರಿದ್ದವು. ಉತ್ತರ ಅಮೆರಿಕದಲ್ಲಿ ಆಮೇಲೆ ಈ ಔಷಧಿಗಳ ವ್ಯಸನ ಎಷ್ಟು ಜೀವಗಳನ್ನು ತೆಗೆದುಕೊಂಡಿತೆಂಬುದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಅದಕ್ಕೆಲ್ಲ ಐದು ವಾಕ್ಯದ ಪತ್ರವೇ ಕಾರಣವೆಂದರೆ ಅತಿಶಯೋಕ್ತಿ. ಆದರೆ ಹಿಂಜರಿಯುತ್ತಿದ್ದ ವೈದ್ಯರಿಗೆ 'ಹೆದರಬೇಡಿ, ಪುರಾವೆ ಇದೆ' ಎಂದು ತೋರಿಸಲು ಅದು ಒದಗಿತು. ಕೊನೆಗೆ ಪತ್ರಿಕೆಯೇ ತನ್ನ ಜಾಲತಾಣದಲ್ಲಿ ಆ ಪತ್ರದ ಜೊತೆಗೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ ಸೇರಿಸಬೇಕಾಯಿತು.

ಇಲ್ಲಿ ವಿಳಾಸ ತಪ್ಪಿರಲಿಲ್ಲ. ಸಂಪುಟ 302, ಪುಟ 123: ಯಾರು ಬೇಕಾದರೂ ಹೋಗಿ ಎರಡು ನಿಮಿಷದಲ್ಲಿ ಓದಿ ಮುಗಿಸಬಹುದಿತ್ತು. ಮಾದರಿ ಸಾಲಿನ ಪ್ರಸಂಗಕ್ಕಿಂತ ಇದು ಹೆಚ್ಚು ಅಪಾಯಕಾರಿ ಎನ್ನುವುದು ಅದಕ್ಕೇ. ಇಲ್ಲದ ಆಕರವನ್ನು ಗ್ರಂಥಪಾಲಕ ಹಿಡಿಯಬಲ್ಲ. ಇರುವ ಆಕರದ ಬಾಯಲ್ಲಿ ಇಲ್ಲದ ಮಾತು ಹೇಳಿಸಿದರೆ ಓದಿದವನು ಮಾತ್ರ ಹಿಡಿಯಬಲ್ಲ.

ಈಗ ನಮ್ಮ ಕಡೆಗೆ ಬರೋಣ. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಶೇಕಡ 10ರ ತನಕ ಸಾಮ್ಯವಿದ್ದರೆ ದಂಡನೆಯಿಲ್ಲ. ಮೀರಿದರೆ ಹಂತಹಂತವಾಗಿ ಶಿಕ್ಷೆ. ಮಹಾಪ್ರಬಂಧಗಳನ್ನು ತಂತ್ರಾಂಶಕ್ಕೆ ಕೊಟ್ಟು ಸಾಮ್ಯ ಲೆಕ್ಕ ಹಾಕುವಾಗ ಆಕರಸೂಚಿಯನ್ನು ಬಿಟ್ಟುಬಿಡಬೇಕೆಂಬ ನಿಯಮವೂ ಅದರಲ್ಲಿದೆ. ಇದು ನ್ಯಾಯವೇ. ಒಂದೇ ಪುಸ್ತಕವನ್ನು ಇಬ್ಬರು ಉಲ್ಲೇಖಿಸಿದರೆ ಸಾಲು ಒಂದೇ ಇರುತ್ತದಲ್ಲ. ಆದರೆ ಪರಿಣಾಮವನ್ನು ನೋಡಿ. ಯಂತ್ರ ನೋಡದ ಭಾಗವನ್ನು ಮನುಷ್ಯರೂ ನೋಡುವುದಿಲ್ಲ. ಯೋಜನಾ ವರದಿಗಳ ಮೌಲ್ಯಮಾಪನಕ್ಕೆಂದು ಹೋದ ಕಾಲೇಜೊಂದರಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಹನ್ನೊಂದು ವರದಿಗಳನ್ನು ನನ್ನ ಮುಂದಿಟ್ಟರು. ವಿಷಯ ಬೇರೆ ಬೇರೆ, ಕೊನೆಯ ಹಾಳೆ ಮಾತ್ರ ಹನ್ನೊಂದರಲ್ಲೂ ಒಂದೇ! ಪ್ರಕಾಶಕರ ಹೆಸರಿನ ಕಾಗುಣಿತದ ತಪ್ಪೂ ಸೇರಿದಂತೆ.

ನಕಲು ಸಾಲದೆಂಬಂತೆ ಈಗ ಕೃತಕ ಬುದ್ಧಿಮತ್ತೆಯ ಸಂಭಾಷಣೆ ತಂತ್ರಾಂಶಗಳು ಬಂದಿವೆ. ಕೇಳಿದರೆ ಹತ್ತು ಆಕರಗಳನ್ನು ಕ್ಷಣದಲ್ಲಿ ಜೋಡಿಸಿ ಕೊಡುತ್ತವೆ. ಅಲ್ಪವಿರಾಮ ಒಂದೂ ತಪ್ಪಿರುವುದಿಲ್ಲ. ಕೆಲವೊಮ್ಮೆ ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಸುಳ್ಳು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದಿಟ್ಟು 5,000 ಡಾಲರ್ ದಂಡ ತೆತ್ತರು. ಅಲ್ಲಿ ಎದುರು ಪಕ್ಷದವರಿದ್ದರು, ಹುಡುಕಿದರು. ವಿದ್ಯಾರ್ಥಿಯ ವರದಿಗೆ ಎದುರು ಪಕ್ಷ ಯಾರು?

ಕ್ರಮವನ್ನೇ ಕಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಅದರಲ್ಲೂ ಕನ್ನಡಿಗರಿಗೆ ಕ್ರಮದ ತೊಡಕೇ ಬೇರೆ ಇದೆ. ಈ ಪದ್ಧತಿಗಳು ಎಲ್ಲರಿಗೂ ಒಂದು ಮನೆತನದ ಹೆಸರಿದೆ ಎಂದುಕೊಂಡಿವೆ. ನಮ್ಮಲ್ಲಿ ಅನೇಕರಿಗೆ ಇರುವುದು ಊರಿನದೋ ತಂದೆಯದೋ ಒಂದಕ್ಷರ. ಮಂಜುನಾಥ ಕೆ. ಎಂದು ಬರೆದರೆ ಕೊನೆಗಿರುವ 'ಕೆ'ಯನ್ನೇ ಮನೆತನದ ಹೆಸರೆಂದು ತಿಳಿದು, ಯಂತ್ರ ಅವನನ್ನು 'ಕೆ ಎಂ' ಮಾಡಿಬಿಡುತ್ತದೆ. ಬಿ.ಜಿ.ಎಲ್. ಸ್ವಾಮಿಯವರ ಸಸ್ಯವಿಜ್ಞಾನದ ಪ್ರಬಂಧಗಳು 'ಸ್ವಾಮಿ' ಎಂಬಲ್ಲಿ ಸಲೀಸಾಗಿ ಸಿಗುವುದು, ಅದು ಅವರ ಹೆಸರಿನ ಕೊನೆಗೆ ಬಂದದ್ದರಿಂದ. ವಿದ್ಯಾರ್ಥಿಗಳೆ, ಮೊದಲ ಪ್ರಬಂಧ ಬರೆಯುವಾಗಲೇ ನಿಮ್ಮ ಹೆಸರಿಗೆ ಒಂದು ರೂಪ ನಿಶ್ಚಯಿಸಿಕೊಂಡು ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಿ. ಮಿಕ್ಕ ಅಲ್ಪವಿರಾಮಗಳನ್ನು ತಂತ್ರಾಂಶಕ್ಕೆ ಬಿಡಬಹುದು. ಆ ಕೆಲಸ ಅದಕ್ಕೆ ಬರುತ್ತದೆ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಆಕರಸೂಚಿಗೆ ಇಟ್ಟಿರುವ ಅಂಕಗಳನ್ನು ಅಂದಕ್ಕೆ ಕೊಡಬೇಡಿ. ಮೌಖಿಕ ಪರೀಕ್ಷೆಯಲ್ಲಿ ಪಟ್ಟಿಯ ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, 'ಇದು ನಿನಗೆಲ್ಲಿ ಸಿಕ್ಕಿತು? ಇದರಲ್ಲಿ ಏನಿದೆ?' ಎಂದು ಕೇಳಿ. ಇಪ್ಪತ್ತು ಪುಸ್ತಕಗಳ ಪಟ್ಟಿ ಬೇಡ, ನಾಲ್ಕು ಸಾಕು ಎನ್ನಿ. ಒಂದನ್ನು ಇನ್ನೊಂದರ ಮೂಲಕ ತಿಳಿದಿದ್ದರೆ ಹಾಗೆಂದೇ ಬರೆಯಲಿ.

ಈ ಕೊನೆಯ ಮಾತನ್ನು ನನಗೆ ಹೊಳೆಯಿಸಿದ್ದು ಒಬ್ಬ ವಿದ್ಯಾರ್ಥಿನಿ. ಅದೇ ಹನ್ನೊಂದು ವರದಿಗಳ ದಿನ, ಮೂರನೆಯ ಪುಸ್ತಕವನ್ನು ತೋರಿಸಿ 'ಓದಿದ್ದೀಯೇನಮ್ಮ?' ಎಂದೆ. 'ಇಲ್ಲ ಸಾರ್. ಲೈಬ್ರರಿಯಲ್ಲಿ ಇರಲಿಲ್ಲ. ಐದನೇ ಪುಸ್ತಕದಲ್ಲಿ ಅದರ ಎರಡು ಪ್ಯಾರಾ ಕೊಟ್ಟಿದ್ದಾರೆ, ಅಷ್ಟೇ ಓದಿದ್ದು' ಎಂದಳು. ಚೀಲದಿಂದ ಆ ಪುಟದ ಜೆರಾಕ್ಸ್ ತೆಗೆದಳು. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಹಾಗಾದರೆ ಪಟ್ಟಿಯಲ್ಲಿ ಅದನ್ನೇಕೆ ಬರೆಯಲಿಲ್ಲ ಎಂದು ಕೇಳಿದೆ. 'ಬರೆದಿದ್ದೆ ಸಾರ್. ಚೆನ್ನಾಗಿ ಕಾಣಲ್ಲ, ಎಲ್ಲರದೂ ಒಂದೇ ಥರ ಇರಬೇಕು ಅಂತ ತೆಗೆಸಿದರು.'