ವಾಪಸು ಬರುವ ದಾರಿ

ಎಡ್ಗರ್ ಅಲನ್ ಪೋ 1840ರಲ್ಲಿ ಬರೆದ ‘ದಿ ಮ್ಯಾನ್ ಆಫ್ ದಿ ಕ್ರೌಡ್’ ಕತೆಯ ನಿರೂಪಕ ತಿಂಗಳುಗಟ್ಟಲೆ ಕಾಯಿಲೆ ಬಿದ್ದು ಈಗ ಚೇತರಿಸಿಕೊಳ್ಳುತ್ತಿರುವವನು. ಲಂಡನ್ನಿನ ಕಾಫಿಹೌಸೊಂದರ ಕಿಟಕಿಯಿಂದ ಜನರನ್ನು ನೋಡುತ್ತ ಕೂತಿದ್ದವನು ಒಬ್ಬ ಮುದುಕನ ಬೆನ್ನುಹತ್ತಿ ರಾತ್ರಿಯಿಡೀ, ಮರುದಿನ ಸಂಜೆಯವರೆಗೂ ಅಲೆಯುತ್ತಾನೆ. ಬೋದಿಲೇರ್ 1863ರ ‘ಆಧುನಿಕ ಬದುಕಿನ ಚಿತ್ರಕಾರ’ ಪ್ರಬಂಧದಲ್ಲಿ ಇವನನ್ನೇ ಎತ್ತಿಕೊಂಡು, ಚೇತರಿಸಿಕೊಳ್ಳುವವನಿಗೆ ಮಗುವಿಗಿರುವಂತೆ ಎಲ್ಲದರಲ್ಲೂ ಕುತೂಹಲ ಎಂದ. ನಗರದ ಅಲೆದಾಟದ ಬಗ್ಗೆ ನಮ್ಮ ಸೆಮಿನಾರುಗಳಲ್ಲಿ ಈ ಮಾತು ಬಾರದೇ ಇರುವುದಿಲ್ಲ. ನಾನೂ ಒಪ್ಪಿ ಬರೆದಿದ್ದೆ.

ಡೆಂಗಿಯಿಂದ ಎದ್ದು ಲಾಲ್‌ಬಾಗಿನಲ್ಲಿ ನಿಧಾನಕ್ಕೆ ನಡೆಯತೊಡಗಿದ ಮೇಲೆ ಆ ಒಪ್ಪಿಗೆ ಸಡಿಲವಾಯಿತು. ಗಾಜಿನ ಮನೆಯ ತನಕ ಹೋದೇನು, ಆದರೆ ಅಷ್ಟೇ ದೂರ ವಾಪಸು ಬರಬೇಕಲ್ಲ? ನನ್ನ ಕಣ್ಣು ಮರಗಳ ಮೇಲಿರಲಿಲ್ಲ. ಮುಂದಿನ ಬೆಂಚು ಎಷ್ಟು ದೂರ, ಅಲ್ಲಿ ಜಾಗ ಇದೆಯೇ ಎಂದು ಲೆಕ್ಕ ಹಾಕುತ್ತಿತ್ತು. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಕೆಳಗಿನಿಂದಲೇ ನೋಡಿದೆ. ಮಗುವಿಗೆ ಈ ಲೆಕ್ಕವಿಲ್ಲ. ಸುಸ್ತಾದರೆ ಎತ್ತಿಕೊಳ್ಳುವವರು ಇರುತ್ತಾರೆ.

ಪೋ ಈ ವಿಷಯದಲ್ಲಿ ಬೋದಿಲೇರ್‌ಗಿಂತ ಪ್ರಾಮಾಣಿಕ. ಮಳೆ ಹಿಡಿದಾಗ ನಿರೂಪಕನಿಗೆ ಆ ತೇವ ಹಿತವೆನಿಸುತ್ತದೆ. ಮೈಯಲ್ಲಿನ್ನೂ ಅಡಗಿರುವ ಹಳೆಯ ಜ್ವರವೇ ಅದಕ್ಕೆ ಕಾರಣ, ಇದು ಅಪಾಯದ ಹಿತ ಎಂದು ಅವನೇ ಹೇಳಿಕೊಳ್ಳುತ್ತಾನೆ. ಓದುವಾಗ ದಾಟಿಹೋಗುವ ಸಾಲು ಅದು. ನಾನು ಎರಡು ಸಲ ದಾಟಿದ್ದೆ. ಹಾಗಾದರೆ ಅವನನ್ನು ಅಷ್ಟು ದೂರ ಎಳೆದ ಕುತೂಹಲವೂ ಆ ಜ್ವರದ್ದೇ ಇರಬಾರದೇಕೆ? ಬೋದಿಲೇರ್ ಅದನ್ನು ಕಲಾವಿದನ ಗುಣವಾಗಿಸಿದ. ಕತೆಯ ಕೊನೆಗೆ ನಿರೂಪಕ ದಣಿದು ನಿಲ್ಲುತ್ತಾನೆ. ಮನೆಗೆ ಹೇಗೆ ಮರಳಿದ ಎಂಬುದನ್ನು ಪೋ ಕೂಡ ಬರೆಯಲಿಲ್ಲ.