ಪುಸ್ತಕದಂಗಡಿ ಸತ್ತದ್ದು ಯಾವ ಕಾಯಿಲೆಯಿಂದ?

ವೈದ್ಯನಾಗಿ ಇಂಗ್ಲೆಂಡಿನಲ್ಲಿ ಕಳೆದ ವರ್ಷಗಳಲ್ಲಿ ಎಷ್ಟು ಮರಣ ಪ್ರಮಾಣಪತ್ರಗಳಿಗೆ ಸಹಿ ಹಾಕಿದ್ದೇನೋ ಲೆಕ್ಕವಿಟ್ಟಿಲ್ಲ. ಇಲ್ಲಿನ ಆ ಪತ್ರದಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ಸಾವಿನ ನೇರ ಕಾರಣ, ಅದರ ಕೆಳಗೆ ಅದಕ್ಕೆ ಹಾದಿಮಾಡಿಕೊಟ್ಟ ಮೂಲ ಕಾಯಿಲೆ. ಎರಡನೆಯ ಭಾಗದಲ್ಲಿ, ತಾನೇ ಕೊಲ್ಲದಿದ್ದರೂ ಸಾವಿಗೆ ನೆರವಾದ ಸಂಗತಿಗಳು. ತುಂಬ ಯೋಚಿಸಬೇಕಾದದ್ದು ಈ ಎರಡನೆಯ ಭಾಗದ ಬಗ್ಗೆ. ಪೆನಲಪಿ ಫಿಟ್ಜ್‌ಜೆರಾಲ್ಡ್ ಅವರ ‘ದಿ ಬುಕ್‌ಶಾಪ್’ ಕಾದಂಬರಿಯನ್ನು ಓದಿ ಮುಗಿಸಿದಾಗ ನನಗೆ ನೆನಪಾದದ್ದು ಆ ಪತ್ರವೇ.

1978ರಲ್ಲಿ ಪ್ರಕಟವಾಗಿ ಆ ವರ್ಷದ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದ ಪುಟ್ಟ ಕಾದಂಬರಿ ಇದು. ಕಥೆ ನಡೆಯುವುದು 1959ರಲ್ಲಿ, ಸಫೋಕ್ ಕರಾವಳಿಯ ಹಾರ್ಡ್‌ಬರೋ ಎಂಬ ಕಲ್ಪಿತ ಊರಿನಲ್ಲಿ. ಫ್ಲಾರೆನ್ಸ್ ಗ್ರೀನ್ ಎಂಬ ವಿಧವೆ, ಬಹುಕಾಲ ಖಾಲಿ ಬಿದ್ದಿದ್ದ ತೇವ ಹಿಡಿದ ಹಳೆಯ ಮನೆಯೊಂದನ್ನು ಕೊಂಡು ಪುಸ್ತಕದಂಗಡಿ ತೆರೆಯುತ್ತಾಳೆ. ಊರಿನ ದೊಡ್ಡ ಮನೆತನದ ಮಿಸೆಸ್ ಗ್ಯಾಮರ್ಟ್‌ಗೆ ಅದೇ ಮನೆಯಲ್ಲಿ ಕಲಾಕೇಂದ್ರ ಮಾಡುವ ಆಸೆ. ಆಕೆ ಜಗಳವಾಡುವುದಿಲ್ಲ, ದನಿ ಏರಿಸುವುದಿಲ್ಲ. ಸಂಸತ್ತಿನಲ್ಲಿರುವ ನೆಂಟನ ಮೂಲಕ ಕಾನೂನೇ ಆಗುವಂತೆ ನೋಡಿಕೊಳ್ಳುತ್ತಾಳೆ. ಕೊನೆಗೆ ಫ್ಲಾರೆನ್ಸ್ ಮನೆ, ಅಂಗಡಿ ಎರಡನ್ನೂ ಕಳೆದುಕೊಂಡು ಊರು ಬಿಡುತ್ತಾಳೆ.

ನೇರ ಕಾರಣ ಕಾನೂನು, ಮೂಲ ಕಾಯಿಲೆ ಗ್ಯಾಮರ್ಟ್. ಹೆಚ್ಚಿನ ಓದುಗರು ಇಲ್ಲಿಗೇ ಸಹಿ ಹಾಕಿ ಪತ್ರ ಮುಚ್ಚುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆನೇನೋ. ಆದರೆ ಈ ಕಾದಂಬರಿಯನ್ನು ನಾನು ಒಬ್ಬನೇ ಓದಲಿಲ್ಲ.

ನಮ್ಮೂರಿನ ಸಣ್ಣ ಪುಸ್ತಕದಂಗಡಿಯಲ್ಲಿ ತಿಂಗಳಿಗೊಮ್ಮೆ, ಗುರುವಾರ ಸಂಜೆ, ಬಾಗಿಲು ಹಾಕಿದ ಮೇಲೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಮಧ್ಯದ ಮೇಜನ್ನು ಗೋಡೆಗೆ ಸರಿಸಿ ಮಡಚುವ ಕುರ್ಚಿಗಳನ್ನು ಹಾಕುವುದು ನನ್ನ ಕೆಲಸ. ನಿವೃತ್ತಿಯಾದ ವರ್ಷದಿಂದ ತಪ್ಪಿಸಿಲ್ಲ. ‘ದಿ ಬುಕ್‌ಶಾಪ್’ ಓದಿದ ತಿಂಗಳು ದೊಡ್ಡ ವಾಗ್ವಾದವೇ ಆಯಿತು. ಫ್ಲಾರೆನ್ಸ್‌ಗೆ ವ್ಯಾಪಾರ ಗೊತ್ತಿರಲಿಲ್ಲ ಎಂದರು ನಿವೃತ್ತ ಉಪಾಧ್ಯಾಯಿನಿಯೊಬ್ಬರು. ಬಸ್ ಚಾಲಕರಾಗಿದ್ದ ಮತ್ತೊಬ್ಬರು ಸಿಟ್ಟಾದರು: ಆಕೆಗೆ ಗೊತ್ತಿರಲಿಲ್ಲ ಸರಿ, ಊರಿಗೇನಾಗಿತ್ತು? ಒಂಬತ್ತು ಗಂಟೆಯಾದರೂ ಯಾರೂ ಏಳಲಿಲ್ಲ. ಮನೆಗೆ ನಡೆದು ಬರುವಾಗ ನನಗೆ ಹೊಳೆಯಿತು: ನಾವು ಈಗ ಆಡಿದ ಜಗಳ ಕಾದಂಬರಿಯೊಳಗೆ ಒಮ್ಮೆಯೂ ನಡೆಯುವುದಿಲ್ಲ!

ಮತ್ತೆ ಓದಿ ನೋಡಿದೆ. ಫ್ಲಾರೆನ್ಸ್ ಅಂಗಡಿಯಲ್ಲೇ ಬಾಡಿಗೆ ಗ್ರಂಥಾಲಯ ತೆರೆದಾಗ ಎಲ್ಲರಿಗೂ ಬೇಕಾದದ್ದು ರಾಣಿ ಮೇರಿಯ ಜೀವನಚರಿತ್ರೆ. ಯಾರಿಗೆ ಮೊದಲು ಸಿಗಬೇಕು ಎಂಬುದಕ್ಕೆ ರಂಪವಾಗುತ್ತದೆ, ಒಳಗೇನಿದೆ ಎಂಬ ಮಾತೇ ಬರುವುದಿಲ್ಲ. ‘ಲೋಲಿಟಾ’ದ 250 ಪ್ರತಿಗಳನ್ನು ಆಕೆ ತರಿಸಿದಾಗ ಕಿಟಕಿಯ ಮುಂದೆ ಜನಜಾತ್ರೆ. ರಸ್ತೆಗೆ ಅಡ್ಡಿಯಾಯಿತೆಂದು ದೂರು ಹೋಗುತ್ತದೆಯೇ ಹೊರತು ಓದಿದವರು ಏನೆಂದುಕೊಂಡರು ಎಂಬುದು ನಮಗೆ ತಿಳಿಯುವುದಿಲ್ಲ. ಪುಸ್ತಕದ ಬಗ್ಗೆ ಮನಬಿಚ್ಚಿ ಮಾತಾಡುವುದು ಒಂದೇ ಸಲ, ಮನೆಯಿಂದ ಹೊರಗೇ ಬರದ ವೃದ್ಧ ಬ್ರಂಡಿಷ್ ಅವರೊಡನೆ ಚಹಾ ಕುಡಿಯುವಾಗ. ಒಳ್ಳೆಯ ಪುಸ್ತಕ, ಊರವರಿಗೆ ಅರ್ಥವಾಗದಿದ್ದರೂ ಮಾರಿ ಎನ್ನುತ್ತಾರೆ ಅವರು. ಊರಿಗೆ ಅಂಗಡಿಯಿತ್ತು, ಗಿರಾಕಿಗಳಿದ್ದರು. ಇಲ್ಲದಿದ್ದದ್ದು ಓದುಗರ ಕೂಟ.

ಕೂಟವಿದ್ದಿದ್ದರೆ ಕಾನೂನನ್ನು ತಡೆಯುತ್ತಿತ್ತೇ ಎಂದು ಕೇಳಬಹುದು. ಬಹುಶಃ ಇಲ್ಲ. ಆದರೆ ಬ್ರಂಡಿಷ್ ಅವರ ಕೊನೆಯನ್ನು ನೋಡಿ. ಫ್ಲಾರೆನ್ಸ್‌ಳನ್ನು ಅವಳ ಪಾಡಿಗೆ ಬಿಡಿ ಎಂದು ಹೇಳಲು ಅವರು ಒಬ್ಬರೇ ಗ್ಯಾಮರ್ಟ್ ಮನೆಗೆ ಹೋಗುತ್ತಾರೆ. ಹಿಂತಿರುಗುವಾಗ ದಾರಿಯಲ್ಲೇ ಕುಸಿದು ಸಾಯುತ್ತಾರೆ. ಆಮೇಲೆ, ಅವರು ಬಂದದ್ದು ಕಲಾಕೇಂದ್ರದ ಯೋಜನೆಯನ್ನು ಮೆಚ್ಚಿಕೊಂಡು ಹೇಳಲು ಎಂದು ಆ ಮನೆಯವರೇ ಫ್ಲಾರೆನ್ಸ್‌ಗೆ ತಿಳಿಸುತ್ತಾರೆ. ಅಲ್ಲಗಳೆಯಲು ಎರಡನೆಯ ಸಾಕ್ಷಿಯೇ ಇಲ್ಲ. ಒಂಟಿ ಓದುಗನ ಮಾತನ್ನು ತಿರುಚುವುದು ಸುಲಭ, ಹತ್ತು ಜನರ ಮಾತನ್ನು ತಿರುಚುವುದು ಕಷ್ಟ. ಪ್ರಮಾಣಪತ್ರದ ಎರಡನೆಯ ಭಾಗದಲ್ಲಿ ನಾನು ಬರೆಯುವುದು ಇದನ್ನೇ.

2017ರಲ್ಲಿ ಇಸಬೆಲ್ ಕೊಯ್ಷೆತ್ ಮಾಡಿದ ಚಲನಚಿತ್ರಕ್ಕೆ ಈ ಕಹಿ ಸಹಿಸಲಾಗಲಿಲ್ಲ. ಅಂಗಡಿಯಲ್ಲಿ ಸಹಾಯಕ್ಕಿದ್ದ ಹುಡುಗಿ ಕ್ರಿಸ್ಟೀನ್ ಅದರಲ್ಲಿ ಮನೆಗೆ ಬೆಂಕಿಯಿಡುತ್ತಾಳೆ, ದೊಡ್ಡವಳಾಗಿ ತಾನೇ ಪುಸ್ತಕದಂಗಡಿ ನಡೆಸುತ್ತಾಳೆ. ನೋಡಿದವರಿಗೆ ಸಮಾಧಾನವಾಗುತ್ತದೆ. ನೋವು ಶಮನವಾಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ. ಫಿಟ್ಜ್‌ಜೆರಾಲ್ಡ್ ಆ ಮಾತ್ರೆಯನ್ನು ನಮಗೆ ಕೊಡುವುದಿಲ್ಲ. ಊರು ಬಿಡುವಾಗ ಫ್ಲಾರೆನ್ಸ್ ಬಳಿ ಎರಡೇ ಪುಸ್ತಕಗಳು ಉಳಿದಿರುತ್ತವೆ. ಅದರಲ್ಲೊಂದು ರಸ್ಕಿನ್ನರ ‘ಅನ್‌ಟು ದಿಸ್ ಲಾಸ್ಟ್’. ಗಾಂಧೀಜಿ ಓದಿ, ‘ಸರ್ವೋದಯ’ ಎಂದು ಗುಜರಾತಿಗೆ ತಂದ ಪುಸ್ತಕ. ನಮ್ಮ ಕೂಟದಲ್ಲಿ ಇದನ್ನು ಹೇಳಿದಾಗ ಎಲ್ಲರೂ ಪುಟ ತಿರುಗಿಸಿ ಮತ್ತೆ ನೋಡಿದರು.

ಕೂಟದಿಂದ ಅಂಗಡಿ ಬದುಕುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಬೆನ್ನೆಲುಬಾದವರು ಚಂದಾದಾರರು. ಅದರ ಜೀವ ಇದ್ದದ್ದು ಸುಭಾಸ ರಸ್ತೆಯ ‘ಅಟ್ಟ’ದಲ್ಲಿ. ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಮೆಟ್ಟಿಲು ಹತ್ತಿ ಹೋಗಿ ಹರಟಿದ ಜಾಗ ಅದು. ಕಾರ್ನಾಡರ ‘ಯಯಾತಿ’ ಹೊರಬಂದದ್ದು ಅಲ್ಲಿಂದಲೇ. ಅಲ್ಲಿ ಮಾರಾಟ ಬೇರೆ, ಮಾತು ಬೇರೆ ಎಂದಿರಲಿಲ್ಲ.

ಇನ್ನು ನಮ್ಮ ವಿಷಯ. ಬ್ರಿಟನ್ ಮತ್ತು ಐರ್ಲೆಂಡಿನ ಪುಸ್ತಕ ವ್ಯಾಪಾರಿಗಳ ಸಂಘದ ಲೆಕ್ಕದಲ್ಲಿ ಸ್ವತಂತ್ರ ಅಂಗಡಿಗಳ ಸಂಖ್ಯೆ 2016ರಲ್ಲಿ 867ಕ್ಕೆ ಇಳಿದಿತ್ತು. 2022ರ ಹೊತ್ತಿಗೆ ಮತ್ತೆ ಸಾವಿರ ದಾಟಿತು. ಸಂತೋಷದ ಸುದ್ದಿಯೇ. ಆದರೂ ನಮ್ಮ ಅಂಗಡಿಯಾಕೆ ಒಮ್ಮೆ ಕುರ್ಚಿ ಮಡಚುತ್ತ ಮೆಲ್ಲಗೆ ಹೇಳಿದರು: ಕೂಟಕ್ಕೆಂದು ಹನ್ನೆರಡು ಪ್ರತಿ ತರಿಸಿದ್ದೆ, ಐದು ಹೋದವು. ಉಳಿದವರು ಅಂತರ್ಜಾಲದಲ್ಲಿ ಅಗ್ಗಕ್ಕೆ ಕೊಂಡಿದ್ದರು. ಆ ಉಳಿದವರಲ್ಲಿ ನಾನೂ ಒಬ್ಬ. ಎರಡೂವರೆ ಪೌಂಡ್ ಉಳಿಸಿದ್ದೆ. ಅವರ ಕುರ್ಚಿ, ಅವರ ದೀಪ, ಅವರ ಚಹಾ. ಹಣ ಮಾತ್ರ ಬೇರೆಯವರಿಗೆ. ಅಂದು ತಲೆ ಎತ್ತಲಾಗಲಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ನಮ್ಮ ಕೂಟ ‘ಹಾರ್ಟ್ ಲ್ಯಾಂಪ್’ ಆರಿಸಿಕೊಂಡಿತು. ನಾನು ಉಬ್ಬಿಹೋಗಿ ಸಂಘದ ವಾಟ್ಸಾಪ್ ಬಳಗಕ್ಕೆ ಆಹ್ವಾನ ಕಳಿಸಿದೆ. ಹೆಬ್ಬೆಟ್ಟುಗಳು ಧಾರಾಳವಾಗಿ ಬಂದವು. ಬಂದ ಕನ್ನಡಿಗರು ಇಬ್ಬರು. ಪುಸ್ತಕ ಕೊಂಡವರು ನಮ್ಮಲ್ಲಿ ಬಹಳ ಜನರಿದ್ದಾರೆಂದು ಬಲ್ಲೆ, ಅನೇಕರ ಮನೆಯ ಕಪಾಟಿನಲ್ಲಿ ಕಂಡಿದ್ದೇನೆ. ಆ ಸಂಜೆ ಬಸ್ ಚಾಲಕರು ಒಂದು ಪ್ರಶ್ನೆ ಕೇಳಿದರು: ಈ ಹೆಂಗಸರು ಕನ್ನಡದಲ್ಲಿ ಹೇಗೆ ಮಾತಾಡುತ್ತಾರೆ, ಓದಿ ತೋರಿಸುತ್ತೀರಾ? ನಮ್ಮ ಮೂವರಲ್ಲಿ ಯಾರ ಬಳಿಯೂ ಕನ್ನಡ ಪ್ರತಿ ಇರಲಿಲ್ಲ.

ಹಾರ್ಡ್‌ಬರೋ ಜನ ಕೆಟ್ಟವರಲ್ಲ. ಪುಸ್ತಕ ಬೇಕೆಂದು ಸಾಲುಗಟ್ಟಿ ನಿಂತವರೇ. ನಮ್ಮ ಸಂಘದ ಕಪಾಟಿನಲ್ಲೂ ಪುಸ್ತಕಗಳಿಗೆ ಕೊರತೆಯಿಲ್ಲ. ಆ ಕಪಾಟಿನ ಬೀಗದ ಕೈ ಈ ವರ್ಷ ನನ್ನ ಬಳಿಯಿದೆ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಿರುತ್ತದೆ. ಒಂದು ಕಥೆಯನ್ನು ಗಟ್ಟಿಯಾಗಿ ಓದಿ, ಆಮೇಲೆ ಜಗಳವಾಡೋಣ. ಕನ್ನಡ ಓದಲು ಬಾರದ ಮಕ್ಕಳನ್ನೂ ಕರೆತನ್ನಿ, ಕೇಳಲು ಅವರಿಗೆ ಬರುತ್ತದೆ. ಕುರ್ಚಿ ಹಾಕಲು ನಾನಿದ್ದೇನೆ.