ಕುಂಚ, ಕತ್ತರಿ, ಕಂಪ್ಯೂಟರು: ಮಕ್ಕಳ ಪುಸ್ತಕದ ಚಿತ್ರ ನೋಡುವ ಬಗೆ

ಪುಸ್ತಕ ಮೇಳದಲ್ಲಿ ಮಕ್ಕಳ ಪುಸ್ತಕದ ಮಳಿಗೆ ಮುಂದೆ ನಿಂತವರು ಹಾಳೆ ತಿರುವುತ್ತಾ ಕೇಳುವ ಪ್ರಶ್ನೆ ಒಂದಿದೆ: ‘ಇದು ಕೈಯಲ್ಲಿ ಬರೆದ ಚಿತ್ರವಾ, ಕಂಪ್ಯೂಟರಿನಲ್ಲಿ ಮಾಡಿದ್ದಾ?’ ಕಂಪ್ಯೂಟರು ಎಂದು ಗೊತ್ತಾದರೆ ಹಲವರ ಉತ್ಸಾಹ ಅರ್ಧಕ್ಕೆ ಇಳಿಯುತ್ತದೆ. ಯಂತ್ರವೇ ಬರೆದುಕೊಟ್ಟಿತೇನೋ ಎಂಬ ಭಾವ. ಚಿತ್ರಪುಸ್ತಕದ ರುಚಿ ಹಿಡಿಸಿಕೊಳ್ಳಲು ಹೊರಟವರಿಗೆ ನನ್ನ ಮೊದಲ ಮಾತು: ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಗ್ಯಾಲರಿಯ ಗೋಡೆಯ ಮೇಲಿನ ಚಿತ್ರಕ್ಕೆ ಮೂಲಪ್ರತಿ ಒಂದೇ. ಮಕ್ಕಳ ಪುಸ್ತಕದಲ್ಲಿ ಮೂಲಕೃತಿ ಅಂದರೆ ಅಚ್ಚಾಗಿ, ಹೊಲಿದು, ಮಗುವಿನ ಕೈಗೆ ಬಂದ ಪುಸ್ತಕವೇ. ಅಲ್ಲಿಯವರೆಗೆ ತಲುಪಲು ಚಿತ್ರಕಾರರು ಏನನ್ನು ಕೈಗೆತ್ತಿಕೊಂಡರು, ಅದು ಕಥೆಗೆ ಏನು ಕೊಟ್ಟಿತು ಎಂದು ಕೇಳಿಕೊಂಡರೆ ನೋಡುವ ಕಣ್ಣು ತಾನಾಗಿ ತೆರೆಯುತ್ತದೆ.

ಅಚ್ಚಿನ ವಿಧಾನ ಚಿತ್ರದ ಸ್ವಭಾವವನ್ನು ತಿದ್ದುತ್ತಲೇ ಬಂದಿದೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ 1901ರಲ್ಲಿ ತಮ್ಮ ಮೊಲದ ಕಥೆಯನ್ನು ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದಾಗ ಒಳಗಿನ ಚಿತ್ರಗಳು ಕಪ್ಪು ಗೆರೆಯವು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಪ್ರಕಟಿಸಿದಾಗ ಮೂರು ಬಣ್ಣದ ಮುದ್ರಣ ಬಂತು. ಇಂದು ಪೀಟರ್ ರ‍್ಯಾಬಿಟ್ ಎಂದೊಡನೆ ಕಣ್ಣಿಗೆ ಕಟ್ಟುವ ಆ ತಿಳಿ ಜಲವರ್ಣ ಬಂತು. ನಮ್ಮಲ್ಲೂ ಹಾಗೆಯೇ. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದಲ್ಲಿ ಶಂಕರ್ ಅವರು ಬರೆದ ವಿಕ್ರಮ ಬೇತಾಳ ನೆನಪಿಲ್ಲದ ಹಿರಿಯರು ಕಡಿಮೆ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಅವು ಅಚ್ಚಿಗಾಗಿ ಚಿತ್ರದ ಲೋಹದ ಬ್ಲಾಕ್ ಮಾಡಿಸುತ್ತಿದ್ದ ಕಾಲದಲ್ಲಿ ರೂಢಿಗೆ ಬಂದ ಶೈಲಿ. ಗೆರೆಯ ಬ್ಲಾಕಿನಲ್ಲಿ ಮಸಿ ಬಿದ್ದರೆ ಪೂರ್ತಿ ಕಪ್ಪು, ಬೀಳದಿದ್ದರೆ ಕಾಗದದ ಬಿಳಿ. ನಡುವಿನ ಬೂದು ಅದರಲ್ಲಿ ಮೂಡದು. ನೆರಳು ಬೇಕಾದರೆ ಗೆರೆಗಳನ್ನೇ ಒತ್ತೊತ್ತಾಗಿ ಎಳೆಯಬೇಕು. ಬಟ್ಟೆಯ ನೆರಿಗೆ, ಕಾಡಿನ ಕತ್ತಲು, ಮೈಯ ಉಬ್ಬುತಗ್ಗು ಎಲ್ಲಕ್ಕೂ ಗೆರೆಯೇ ಗತಿ. ಹಳೆಯ ಸಂಚಿಕೆ ಸಿಕ್ಕಿದರೆ ಯಾವುದಾದರೂ ನೆರಳಿನ ಭಾಗವನ್ನು ಹತ್ತಿರ ಹಿಡಿದು ನೋಡಿ. ಗೆರೆಗಳು ಒಂದರ ಪಕ್ಕ ಒಂದು ಹೇಗೆ ದಪ್ಪವಾಗಿ, ತೆಳ್ಳಗಾಗಿ ಓಡಿವೆ ಎಂದು ಗಮನಿಸಿದರೆ ಅಚ್ಚಿನ ಆ ನಿರ್ಬಂಧದಿಂದಲೇ ಎಷ್ಟು ಚೆಲುವು ಹುಟ್ಟಿತು ಎಂಬುದು ತಿಳಿಯುತ್ತದೆ.

ಇನ್ನು ಕಣ್ಣಿಗೆ ಕೊಡಬೇಕಾದ ಮೊದಲ ಅಭ್ಯಾಸ: ಬಣ್ಣದ ಅಂಚನ್ನು ನೋಡುವುದು. ಚಿತ್ರದ ನಡುಭಾಗ ಕೆಲವೊಮ್ಮೆ ಮೋಸ ಮಾಡುತ್ತದೆ, ಅಂಚು ಬಹುಮಟ್ಟಿಗೆ ನಿಜ ಹೇಳುತ್ತದೆ. ಜಲವರ್ಣ ಒಣಗುವಾಗ ಬಣ್ಣದ ಕಣಗಳು ನೀರಿನ ಅಂಚಿಗೆ ಸರಿದು ನಿಲ್ಲುತ್ತವೆ. ಅಲ್ಲೊಂದು ಗಾಢ ರೇಖೆ ಉಳಿಯುತ್ತದೆ. ಶಾಲೆಯಲ್ಲಿ ನಾವೆಲ್ಲ ಬಳಸಿದ ಪೋಸ್ಟರ್ ಕಲರ್ ದಪ್ಪ, ಕೆಳಗಿನದನ್ನು ಮುಚ್ಚುತ್ತದೆ. ಕಪ್ಪಿನ ಮೇಲೂ ಹಳದಿ ಎದ್ದು ಕಾಣುತ್ತದೆ. ಒಣ ಕುಂಚ ಒರಟು ಕಾಗದದ ಉಬ್ಬುಗಳ ಮೇಲೆ ಮಾತ್ರ ಬಣ್ಣ ಬಿಟ್ಟು ಹೋಗುತ್ತದೆ. ಕತ್ತರಿಸಿ ಅಂಟಿಸಿದ ಕಾಗದಕ್ಕೆ ಚೂಪಾದ ಅಂಚು, ಹರಿದು ಅಂಟಿಸಿದ್ದಕ್ಕೆ ಬಿಳಿಯ ನಾರು. ಕಂಪ್ಯೂಟರಿನಲ್ಲಿ ತುಂಬಿದ ಬಣ್ಣದ ಅಂಚು ಚಿತ್ರಕಾರರು ಬೇಕೆಂದು ಕೆಡಿಸದ ಹೊರತು ಎಲ್ಲೆಡೆ ಒಂದೇ ತರಹ. ಈಗಿನ ಡಿಜಿಟಲ್ ಕುಂಚಗಳು ಇದೆಲ್ಲವನ್ನೂ ಅನುಕರಿಸುತ್ತವೆ, ಚೆನ್ನಾಗಿಯೇ. ಆದರೂ ಅದೇ ಕಲೆ, ಅದೇ ಒರಟುತನ ಅದೇ ಪುಟದಲ್ಲಿ ಮತ್ತೆ ಮತ್ತೆ ಕಂಡರೆ ಅದು ಕೈಯ ಆಕಸ್ಮಿಕವಲ್ಲ.

ಅಂಚು ನೋಡಲು ಕಲಿಯುವವರಿಗೆ ಅಮೆರಿಕದ ಎಜ್ರಾ ಜಾಕ್ ಕೀಟ್ಸ್ ಅವರ ‘ದ ಸ್ನೋಯಿ ಡೇ’ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1962ರ ಪುಸ್ತಕ, ಮರುವರ್ಷ ಅಲ್ಲಿನ ಕಾಲ್ಡಿಕಾಟ್ ಪದಕ ಪಡೆಯಿತು. ಪೀಟರ್ ಎಂಬ ಕಪ್ಪು ಹುಡುಗ ಹಿಮ ಬಿದ್ದ ಬೆಳಿಗ್ಗೆ ಕೆಂಪು ಅಂಗಿ, ಕೆಂಪು ಕುಲಾವಿಯಲ್ಲಿ ಹೊರಗೆ ಹೋಗುತ್ತಾನೆ, ಅಷ್ಟೇ ಕಥೆ. ಅವನ ಸುತ್ತ ಗೆರೆ ಇಲ್ಲ. ಕೆಂಪು ಆಕಾರ ಬಿಳಿಯ ಮೇಲೆ ಕತ್ತರಿಯ ಅಂಚಿನಿಂದಲೇ ನಿಂತಿದೆ. ತಾಯಿಯ ಉಡುಪು ಅಡುಗೆಮನೆಯ ಕಪಾಟಿಗೆ ಹಾಸುವ ಮೇಣದ ಬಟ್ಟೆಯಿಂದ ಕತ್ತರಿಸಿದ್ದು. ಹಿಮದ ಹೂಗಳನ್ನು ರಬ್ಬರಿನಲ್ಲಿ ಕೊರೆದು ಮುದ್ರೆ ಒತ್ತಿದ್ದಾರೆ. ಪೀಟರ್ ರಾತ್ರಿ ಮಲಗುವ ಕೋಣೆಯ ಬೂದು ಗೋಡೆಗೆ ಹಲ್ಲುಜ್ಜುವ ಬ್ರಷ್ಷಿನಿಂದ ಇಂಡಿಯಾ ಇಂಕು ಸಿಡಿಸಿದ್ದಾರೆ. ಆ ಸಿಡಿತದ ಕಣಗಳು ಒಂದು ಕಡೆ ದಟ್ಟ, ಒಂದು ಕಡೆ ವಿರಳ. ನಿದ್ದೆ ಬಾರದ ಮಗುವಿನ ಕೋಣೆಯ ಗಾಳಿ ಹಾಗೆಯೇ ಇರುತ್ತದೆ ಎಂದು ನೋಡಿದೊಡನೆ ಅನ್ನಿಸುತ್ತದೆ. ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗದ ವಸ್ತುಗಳಿಂದ ಮನೆಯೊಳಗಿನ ಮೈ ಸೋಕುವ ಅನುಭವ ಕಟ್ಟಿದ್ದಾರೆ. ಇಂಥ ಕಡೆ ಉಪಕರಣದ ಆಯ್ಕೆ ಕಥೆ ಹೇಳುವುದರ ಒಂದು ಭಾಗ.

ಕತ್ತರಿ ಹಿಡಿದ ಇನ್ನೊಬ್ಬ ಚಿತ್ರಕಾರ ಎರಿಕ್ ಕಾರ್ಲ್ ತೆಳು ಟಿಶ್ಯೂ ಕಾಗದಕ್ಕೆ ತಾವೇ ಅಕ್ರಿಲಿಕ್ ಬಣ್ಣ ಬಳಿದು, ಒಣಗಿಸಿ, ಬಣ್ಣವಾರು ಡ್ರಾಯರುಗಳಲ್ಲಿ ಇಟ್ಟುಕೊಂಡು ಬೇಕಾದಾಗ ಕತ್ತರಿಸುತ್ತಿದ್ದರು. 1969ರ ಅವರ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ನಲ್ಲಿ ಕಂಬಳಿಹುಳು ಹಣ್ಣು ಕೊರೆದ ಜಾಗದಲ್ಲಿ ನಿಜವಾದ ತೂತು ಇದೆ, ಆ ತೂತು ಹೊಡೆದು ಅಗ್ಗವಾಗಿ ಅಚ್ಚು ಮಾಡುವವರು ಅಮೆರಿಕದಲ್ಲಿ ಸಿಗದೆ ಮೊದಲು ಜಪಾನಿನಲ್ಲಿ ಮುದ್ರಿಸಬೇಕಾಯಿತು. ಮಗು ಬೆರಳು ತೂರಿಸುವುದು ಆ ತೂತಿಗೇ.

ಕಂಪ್ಯೂಟರಿಗೆ ಬರೋಣ. ಫೋಟೊಶಾಪ್ 1990ರಲ್ಲಿ ಬಂತು; ಐಪ್ಯಾಡಿಗೆ ಪ್ರೊಕ್ರಿಯೇಟ್ 2011ರಲ್ಲಿ, ಆ್ಯಪಲ್ ಪೆನ್ಸಿಲ್ 2015ರಲ್ಲಿ. ಇವು ಕೊಟ್ಟ ದೊಡ್ಡ ಸೌಕರ್ಯ ಲೇಯರ್: ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಆಕಾಶ ಒಂದರಲ್ಲಿ, ಮನೆ ಒಂದರಲ್ಲಿ, ಹುಡುಗಿ ಒಂದರಲ್ಲಿ. ಹುಡುಗಿಯನ್ನು ಎರಡು ಬೆರಳಿನಷ್ಟು ಎಡಕ್ಕೆ ಸರಿಸಬಹುದು, ಅಂಗಿಯ ಬಣ್ಣ ಬದಲಿಸಬಹುದು, ಮನೆ ಅಲುಗುವುದಿಲ್ಲ. ಜಲವರ್ಣದಲ್ಲಾದರೆ ಸಂಪಾದಕರು ‘ಅಂಗಿ ನೀಲಿ ಇದ್ದರೆ ಚೆನ್ನಾಗಿತ್ತು’ ಎಂದ ದಿನ ಇಡೀ ಹಾಳೆ ಮತ್ತೆ ಬರೆಯಬೇಕು. ಆದರೆ ಪರದೆಯ ಮೇಲೆ ಬಣ್ಣ ಬೆಳಕಿನಿಂದ ಹೊಳೆಯುತ್ತದೆ, ಕಾಗದದ ಮೇಲೆ ನಾಲ್ಕು ಮಸಿಗಳ ಮಿಶ್ರಣವಾಗಿ ಕೂರುತ್ತದೆ. ಪರದೆಯಲ್ಲಿ ಮಿಂಚಿದ ಎಳೆ ಹಸುರು, ಕಡುನೀಲಿ ಅಚ್ಚಿನಲ್ಲಿ ಮಂಕಾಗುವುದು ಸಾಮಾನ್ಯ. ಅದನ್ನು ಮೊದಲೇ ಲೆಕ್ಕ ಹಾಕಿ ಬಣ್ಣ ಆರಿಸುವ ಡಿಜಿಟಲ್ ಚಿತ್ರಕಾರರು ಮುದ್ರಣ ಬಲ್ಲವರು.

ಈ ಉಪಕರಣ ಏನು ಕೊಡಬಲ್ಲದು ಎಂಬುದಕ್ಕೆ ಮೋ ವಿಲ್ಲೆಮ್ಸ್ ಅವರ ‘ನಫಲ್ ಬನ್ನಿ’ ನೋಡಿ, 2004ರದ್ದು. ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಗಳ ಬಣ್ಣವಿಲ್ಲದ ಫೋಟೊಗಳ ಮೇಲೆ ಕೈಯಲ್ಲಿ ಬರೆದ ಬಣ್ಣದ ಅಪ್ಪ, ಅಮ್ಮ, ಮಗಳು ಓಡಾಡುತ್ತಾರೆ. ಫೋಟೊದಲ್ಲಿದ್ದ ಕಸ, ಏರ್ ಕಂಡೀಷನರುಗಳನ್ನು ವಿಲ್ಲೆಮ್ಸ್ ಕಂಪ್ಯೂಟರಿನಲ್ಲಿ ಅಳಿಸಿದರು. ಊರು ನಿಜ, ಆದರೆ ಮಗುವಿಗೆ ಮುಖ್ಯವಲ್ಲದ್ದು ಅಲ್ಲಿಲ್ಲ. ಜಾನ್ ಕ್ಲಾಸನ್ ಅವರ ‘ದಿಸ್ ಈಸ್ ನಾಟ್ ಮೈ ಹ್ಯಾಟ್’ ಚೀನೀ ಮಸಿಯನ್ನೂ ಕಂಪ್ಯೂಟರನ್ನೂ ಕೂಡಿಸಿ ಮಾಡಿದ್ದು. ಟೋಪಿ ಕದ್ದ ಸಣ್ಣ ಮೀನು, ದೊಡ್ಡ ಮೀನಿಗೆ ಎಚ್ಚರವಾಗಲಿಕ್ಕಿಲ್ಲ ಎಂದು ಧೈರ್ಯದಿಂದ ಹೇಳುತ್ತಿರುತ್ತದೆ. ಚಿತ್ರದಲ್ಲಿ ಆ ದೊಡ್ಡ ಕಣ್ಣು ಆಗಲೇ ತೆರೆದಿದೆ. ಪುಟದಿಂದ ಪುಟಕ್ಕೆ ಬದಲಾಗುವುದು ಬಹುಪಾಲು ಆ ಕಣ್ಣೊಂದೇ. ಓದುವ ದೊಡ್ಡವರಿಗಿಂತ ಮೊದಲು ಕೇಳುವ ಮಗುವಿಗೆ ಗುಟ್ಟು ಗೊತ್ತಾಗುತ್ತದೆ.

ಕೈ, ಕಂಪ್ಯೂಟರು ಎರಡೂ ಕೂಡಿದಾಗ ಏನಾಗಬಲ್ಲದು ಎಂಬುದಕ್ಕೆ ನನ್ನ ಮೆಚ್ಚಿನ ಪುಸ್ತಕ ಕೊರಿಯಾದ ಸೂಜಿ ಲೀ ಅವರ ‘ವೇವ್’, 2008ರದ್ದು. ಒಂದು ಮಾತೂ ಇಲ್ಲ. ಇದ್ದಿಲಿನಲ್ಲೂ ಅಕ್ರಿಲಿಕ್ಕಿನಲ್ಲೂ ಬರೆದು ಕಂಪ್ಯೂಟರಿನಲ್ಲಿ ಹೊಂದಿಸಿದ ಚಿತ್ರಗಳು. ಇದ್ದಿಲ ಬೂದು, ಸಮುದ್ರದ ನೀಲಿ, ಕಾಗದದ ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲ. ಎಡಪುಟದಲ್ಲಿ ಹುಡುಗಿ, ಬಲಪುಟದಲ್ಲಿ ಸಮುದ್ರ. ನಡುವೆ ಪುಸ್ತಕದ ಹೊಲಿಗೆ. ಚಿತ್ರಕಾರರಿಗೆ ಅದು ಸಾಮಾನ್ಯವಾಗಿ ತೊಂದರೆ. ಮುಖ, ಕೈ ಅದರೊಳಗೆ ಬಿದ್ದು ಮರೆಯಾಗದಂತೆ ನೋಡಿಕೊಳ್ಳುತ್ತಾರೆ. ಲೀ ಅದನ್ನೇ ಗಡಿ ಮಾಡಿದರು. ಅಲೆ ಎಷ್ಟು ಎದ್ದರೂ ಮೊದಮೊದಲು ಆ ಹೊಲಿಗೆ ದಾಟುವುದಿಲ್ಲ. ಹುಡುಗಿ ಅಣಕಿಸುತ್ತಾಳೆ, ಆಮೇಲೆ ತಾನೇ ಗಡಿ ದಾಟುತ್ತಾಳೆ. ಕೊನೆಗೆ ದೊಡ್ಡ ಅಲೆ ಎರಡೂ ಪುಟದ ಮೇಲೆ ಬಂದು ಬೀಳುತ್ತದೆ. ಅದು ಹಿಂದೆ ಸರಿದ ಮೇಲಿನ ಪುಟ ನೋಡಿ: ಅವಳ ಅಂಗಿ ನೀಲಿಯಾಗಿದೆ, ಆಕಾಶವೂ. ಇದ್ದಿಲ ಗೆರೆ ಎಲ್ಲೂ ನಯವಾಗಿಲ್ಲ. ಹುಡುಗಿಯ ಮೊಣಕೈಯಲ್ಲಿ, ಕೂದಲಲ್ಲಿ ಕೈಯ ವೇಗ ಕಾಣುತ್ತದೆ. ಸೂಜಿ ಲೀ 2022ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಪಡೆದರು. ಮಕ್ಕಳ ಪುಸ್ತಕದ ಚಿತ್ರಕಾರರಿಗೆ ಅದಕ್ಕಿಂತ ದೊಡ್ಡ ಅಂತರರಾಷ್ಟ್ರೀಯ ಮನ್ನಣೆ ಇಲ್ಲ.

‘ಸಾಂಪ್ರದಾಯಿಕ’ ಎಂಬುದನ್ನೂ ಸ್ವಲ್ಪ ಎಚ್ಚರದಿಂದ ನೋಡಬೇಕು. ಮಧ್ಯಪ್ರದೇಶದ ಪರಧಾನ್ ಗೊಂಡರ ಚಿತ್ರ ಮಣ್ಣಿನ ಗೋಡೆಯದು. ಪಾಟನ್‌ಗಢದ ಜನಗಢ ಸಿಂಗ್ ಶ್ಯಾಮ್ 1980ರ ದಶಕದಲ್ಲಿ ಭೋಪಾಲಕ್ಕೆ ಬಂದು ಕಾಗದ, ಪೋಸ್ಟರ್ ಬಣ್ಣ, ಪೆನ್ನು ಹಿಡಿದ ಮೇಲೆ ಅದು ಇಂದು ನಾವು ಕಾಣುವ ರೂಪ ಪಡೆಯಿತು. ಅವರ ಸೋದರಳಿಯ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಮೂವರ ಚಿತ್ರಗಳಿರುವ ‘ದ ನೈಟ್ ಲೈಫ್ ಆಫ್ ಟ್ರೀಸ್’ ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ತಂದ ಪುಸ್ತಕ. ಕೈಕಾಗದಕ್ಕೆ ಕಪ್ಪು ಬಣ್ಣ, ಅದರ ಮೇಲೆ ಕೈಯಲ್ಲೇ ಸ್ಕ್ರೀನ್ ಪ್ರಿಂಟಿಂಗ್. ನಮ್ಮೂರುಗಳಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವ ಅದೇ ವಿಧಾನ. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು, ಒಂದೊಂದು ಸಲ ಒತ್ತು. ಬೆರಳಾಡಿಸಿದರೆ ಮಸಿ ಕಾಗದದ ಮೇಲೆ ತುಸು ಎದ್ದಿರುವುದು ತಿಳಿಯುತ್ತದೆ, ಮೂಗಿಗೆ ಮಸಿಯ ವಾಸನೆ ಬರುತ್ತದೆ. ಒಬ್ಬೊಬ್ಬ ಗೊಂಡ ಕಲಾವಿದರಿಗೂ ಆಕಾರದೊಳಗೆ ತುಂಬುವ ಚುಕ್ಕಿ ಗೆರೆಗಳ ತಮ್ಮದೇ ವಿನ್ಯಾಸ ಇರುತ್ತದೆ. ಹೆಸರು ಮುಚ್ಚಿಕೊಂಡು ಯಾವ ಮರ ಯಾರದು ಎಂದು ಊಹಿಸುವ ಆಟ ಆಡಿ; ಪುಸ್ತಕ ಮುಗಿಯುವಷ್ಟರಲ್ಲಿ ಕಣ್ಣು ಪಳಗಿರುತ್ತದೆ.

ಇನ್ನು ಪರದೆಯ ಮೇಲೆ ಓದುವ ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಿಂದ ಕನ್ನಡದ ಮಕ್ಕಳಿಗೆ ಚಿತ್ರಪುಸ್ತಕ ಉಚಿತವಾಗಿ ಸಿಗುವಂತಾಯಿತು. ಒಂದೇ ಚಿತ್ರಕ್ಕೆ ಹತ್ತಾರು ಭಾಷೆಯ ಪಠ್ಯ ಕೂರಬೇಕು. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲಿನ ನಡುವೆ ಹೆಚ್ಚು ಜಾಗ ಬೇಕು. ಅದನ್ನು ಅರಿತ ಚಿತ್ರಕಾರರು ಆಕಾಶವನ್ನೋ ಗೋಡೆಯನ್ನೋ ಖಾಲಿ ಬಿಡುತ್ತಾರೆ. ಆ ಖಾಲಿ ಚಿತ್ರದ ಉಸಿರೂ ಆಗಿರುತ್ತದೆ. ಅಲ್ಲಿನ ಚಿತ್ರಗಳನ್ನು ಬೇರೆಯವರು ತಮ್ಮ ಹೊಸ ಕಥೆಗೂ ಬಳಸಬಹುದು. ಕಥೆ ಬರೆಯುವ ಶಿಕ್ಷಕರಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಕಥೆಗೆಂದು ಬರೆದ ಪಾತ್ರ ಇನ್ನೊಂದರಲ್ಲಿ ನಿಂತಾಗ ಅದರ ನೋಟ ಎತ್ತಲೋ ಇರುತ್ತದೆ, ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ.

ಡಿಜಿಟಲ್ ಚಿತ್ರದ ಮೇಲೆ ನನಗಿರುವ ನಿಜವಾದ ದೂರು ಅದು ಅವಸರಕ್ಕೆ ಸುಲಭವಾಗಿ ಒಗ್ಗುತ್ತದೆ ಎಂಬುದು. ಎಲ್ಲ ಕೆನ್ನೆಗೂ ಒಂದೇ ಗುಲಾಬಿ, ಕನ್ನಡಿಯಲ್ಲಿ ತಿರುಗಿಸಿಟ್ಟ ಒಂದೇ ಮರ, ನಯವಾಗಿ ತಿಳಿಯಾಗುತ್ತಾ ಹೋಗುವ ಒಂದೇ ಆಕಾಶ, ಹಳ್ಳಿಯಾದರೂ ಯಾವ ಸೀಮೆಯದೂ ಅಲ್ಲದ ಹಳ್ಳಿ. ಇದು ಯಂತ್ರದ ತಪ್ಪಲ್ಲ. ಹತ್ತು ದಿನದಲ್ಲಿ ಇಡೀ ಪುಸ್ತಕ ಬೇಕು, ಸಂಭಾವನೆ ಮಾತ್ರ ಕೇಳಬೇಡಿ ಎನ್ನುವ ಪದ್ಧತಿಯ ತಪ್ಪು. ಜಲವರ್ಣ ಎಂದ ಮಾತ್ರಕ್ಕೆ ಮೈಮರೆಯಬೇಕಿಲ್ಲ. ಕುಂಚದಲ್ಲೂ ಸತ್ತ ಚಿತ್ರಗಳು ಬೇಕಾದಷ್ಟಿವೆ. ಕೈಯ ಉಪಕರಣದ ಗುಣ ಬೇರೆ: ಅಲ್ಲಿ ಮಾಡಿದ್ದನ್ನು ಮರಳಿಸುವ ಅನ್‌ಡೂ ಇಲ್ಲ. ಬಿದ್ದ ಬಣ್ಣದೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು, ಆ ಒಪ್ಪಂದದಿಂದ ಎಷ್ಟೋ ಸಲ ಪುಸ್ತಕದ ಅತ್ಯುತ್ತಮ ಪುಟ ಹುಟ್ಟುತ್ತದೆ.

ಹಾಗಾದರೆ ಮುಂದಿನ ಸಲ ಒಂದು ಚಿತ್ರಪುಸ್ತಕ ಕೈಗೆ ಬಂದಾಗ ಮೊದಲು ಪಠ್ಯ ಓದದೆ ಚಿತ್ರಗಳನ್ನಷ್ಟೇ ತಿರುವಿ ಹಾಕಿ. ಕಥೆ ಎಷ್ಟು ತಿಳಿಯಿತು ಎಂದು ನೋಡಿಕೊಳ್ಳಿ. ಒಂದು ಪುಟದಲ್ಲಿ ನಿಂತು ಅಂಚು, ಕಾಗದದ ಬಿಳಿ, ಪಾತ್ರದ ಕಣ್ಣು ಎತ್ತ ನೋಡುತ್ತಿದೆ ಎಂಬುದನ್ನು ಗಮನಿಸಿ. ಹಲವು ವಿದೇಶಿ ಪುಸ್ತಕಗಳಲ್ಲಿ ಪ್ರಕಾಶಕರ ವಿವರದ ಪುಟದ ಮೂಲೆಯಲ್ಲಿ ಚಿತ್ರಗಳನ್ನು ಯಾವುದರಿಂದ ಬರೆದದ್ದು ಎಂದು ಒಂದು ಸಾಲು ಇರುತ್ತದೆ. ನೀವು ಊಹೆ ಮಾಡಿದ ಮೇಲೆ ಅದನ್ನು ಓದಿ.

ಕನ್ನಡದ ಪ್ರಕಾಶಕರಲ್ಲಿ ಒಂದು ವಿನಂತಿ. ಆ ಒಂದು ಸಾಲನ್ನು ನಮ್ಮ ಮಕ್ಕಳ ಪುಸ್ತಕಗಳಲ್ಲೂ ಅಚ್ಚು ಮಾಡಿ. ಮುಖಪುಟದ ಮೇಲೆ ಲೇಖಕರ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಚಿತ್ರಕಾರರ ಹೆಸರು ಹಾಕಿ. ಓದಿ ಹೇಳುವ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಆ ಎರಡೂ ಹೆಸರನ್ನು ಮಗುವಿಗೆ ಓದಿ ಹೇಳಿಯೇ ಕಥೆ ಶುರು ಮಾಡಲಿ.